ಗೂನು ಬೆನ್ನಿನ ಜಾಲಿ

ಏರಿಯ ಮೇಲಿಂದ ನೋಡಿದರೆ ಬರೀ ನೀರು.
ಪಿಳ್ಳಪ್ಪನಿಗೆ ಹಾಗಲ್ಲ.
ಮುದುರಿದ ಬೆರಳೆತ್ತಿ ತೋರಿಸುತ್ತಾನೆ:
"ಅಗೋ, ಕವಲು ಜಾಲಿ. ಅದರ ಪಕ್ಕ ಮೋಟು.
ಮೋಟಿನಿಂದ ತೂಬಿನ ಕಡೆಗೆ ಏಳು ಮಾರು,
ಗೂನು ಬೆನ್ನಿಂದು.
ಕೊರವ ಇರೋದು ಅದರ ಬುಡದಾಗೆ."

ನನಗೆ ಕಾಣುವುದು ಒಂದು ನೀರುಕಾಗೆ,
ಅದೂ ಆಗಾಗ.

ಕೆರೆ ಒಣಗಿದ್ದ ಹದಿನೇಳು ವರ್ಷ
ಈ ಅಂಗಳ ಅವನದೇ.
ಸೀಮೆಜಾಲಿ ಕಡಿದು, ಗೂಡು ಒಟ್ಟಿ, ಮಣ್ಣು ಮೆತ್ತಿ
ಮೂರು ರಾತ್ರಿ ಹೊಗೆಯ ಬಣ್ಣ ಕಾಯುತ್ತಿದ್ದ.
ಬೆಳ್ಳಗಿದ್ದರೆ ಇನ್ನೂ ಹಸಿ, ನೀಲಿಗೆ ತಿರುಗಿದರೆ ಆಯಿತು.
ಶಿಡ್ಲಘಟ್ಟದ ಇಸ್ತ್ರಿ ಅಂಗಡಿಗಳಲ್ಲೆಲ್ಲ
ಅವನ ಇದ್ದಿಲು.
ಒಂದು ಕಣ್ಣು ಹೊಗೆಗೆ ಹೋಯಿತು.
ಇನ್ನೊಂದು, ಲೆಕ್ಕಕ್ಕೆ ಸಾಕು ಅನ್ನುತ್ತಾನೆ.

ಆ ವರ್ಷ ಮಳೆ ಬಿಡಲೇ ಇಲ್ಲ.
ಮೇಲಿನ ಕೆರೆ ಕೋಡಿ ಬಿದ್ದ ಸುದ್ದಿ ಬರುವಷ್ಟರಲ್ಲಿ
ನೀರೇ ಬಂದಿತ್ತು.
ಗೂಡೊಂದು ಉರಿಯುತ್ತಿದ್ದಂತೆಯೇ ಮುಳುಗಿತು.
ಎರಡು ದಿನ ಆ ಜಾಗದಲ್ಲಿ ಗುಳ್ಳೆ ಏಳುತ್ತಿತ್ತು ಎಂದು ಅವನು,
ಅಷ್ಟೆಲ್ಲ ಇಲ್ಲ ಎಂದು ನಾನು.
ಅವಸರದಲ್ಲಿ ಬಿಟ್ಟ ಮಚ್ಚು
ಈಗಲೂ ಗೂನು ಬೆನ್ನಿಗೇ ಕಚ್ಚಿಕೊಂಡಿದೆಯಂತೆ.

ನನ್ನ ಗೂಡು ಬೇರೆ. ರೇಷ್ಮೆಯದು.
ಬಾಂಡಲೆಯಲ್ಲಿ ಬೆಂದು, ನೂಲೆಲ್ಲ ಬಿಚ್ಚಿಕೊಟ್ಟು
ಬತ್ತಲೆಯಾದ ಹುಳ ತರುವುದು ನನ್ನ ಪಾಲು.
ಆ ನಾತಕ್ಕೆ ಬಸ್ಸಿನಲ್ಲಿ ಪಕ್ಕ ಯಾರೂ ಕೂರುವುದಿಲ್ಲ.
ಜಿಲೇಬಿ ಮೀನಿಗೆ ಅದೇ ಹಬ್ಬ.

"ಬಾಬಾಜಾನೂ, ಎಸೀಬೇಡ, ಇಳಿಸು.
ಮರದ ಮೈಗೆ ತಾಗಬಾರದು, ನೆರಳಿಗೆ ತಾಗಬೇಕು."
ಕಾಣದ ಮರಕ್ಕೆ ಕಾಣದ ನೆರಳು!
ಇಳಿಸುತ್ತೇನೆ.
ಬೆಂಡು ನಿಂತಿರುತ್ತದೆ, ನಿಂತಿರುತ್ತದೆ,
ಬಿಸಿಲು ಏರಿಯಿಂದ ಹುಣಸೆಮರಕ್ಕೆ ಸರಿಯುತ್ತದೆ,
ಆಮೇಲೆ ಸರ್ರನೆ ಒಳಗೆ.
ಎಳೆದೆ. ಅತ್ತಲಿಂದಲೂ ಎಳೆಯಿತು.
ಕಣ್ಣು ಮುಚ್ಚಿಕೊಂಡೇ ಅವನೆಂದ, "ಮರ. ಬಿಡು.
ಮೀನು ಜಗ್ಗಿದರೆ ದಾರ ನಡುಗತದೆ.
ಮರ ಸುಮ್ಕೆ ಹಿಡ್ಕೊಂತದೆ."

ಹಾಗೆ ನಾನು ಕಳೆದ ಗಾಳಗಳಿಗೆ ಲೆಕ್ಕವಿಲ್ಲ.

ಈ ಏಪ್ರಿಲ್‌ನಲ್ಲಿ ನೀರು ಆಳುದ್ದ ಇಳಿದು
ಕವಲು ಜಾಲಿಯ ತುದಿ ಎದ್ದಿತು.
ಎಲೆಯಿಲ್ಲ, ತೊಗಟೆಯಿಲ್ಲ,
ಕೊಂಬೆ ಕೊಂಬೆಗೂ ಟಂಗೀಸು ದಾರ, ತುಕ್ಕು ಗಾಳ,
ಹವಾಯಿ ಚಪ್ಪಲಿ ಕೊರೆದ ಬೆಂಡು.
ಸತ್ತ ಮರ ಕಾಯಿ ಬಿಟ್ಟ ಹಾಗಿತ್ತು.
ತೆಪ್ಪದಲ್ಲಿ ಹೋಗಿ ನನ್ನವು ನಾಲ್ಕು ಬಿಡಿಸಿಕೊಂಡೆ.
ಐದನೆಯದು ನನ್ನದಲ್ಲ. ಅದನ್ನೂ ಬಿಡಿಸಿಕೊಂಡೆ.

ಚಿಂತಾಮಣಿ ಕಡೆಯ ಕಂಟ್ರಾಕ್ಟರೊಬ್ಬ
ಜೀಪಿನಲ್ಲಿ ಬಂದದ್ದು ಅದೇ ವಾರ.
ಪಂಚಾಯ್ತಿಯವರು ಹರಾಜು ಹಾಕುತ್ತಾರಂತೆ,
ಆಳು ಇಳಿಸಿ ಅಷ್ಟನ್ನೂ ಕಡಿಸುತ್ತಾನಂತೆ.
"ನೀನೇ ಹೇಳಬೇಕು ಯಜಮಾನ, ಇದ್ದಿಲಿಗೆ ಹೇಗೆ?"

ಪಿಳ್ಳಪ್ಪ ಬೀಡಿ ಆರಿಸಿದ.
ದಡಕ್ಕೆ ಬಂದಿದ್ದ ಕೊಂಬೆ ಮುರಿದು ಮೂಸಿದ,
ಉಗುರಿನಲ್ಲಿ ಕೆರೆದ, ಮತ್ತೆ ಮೂಸಿದ,
ಒಳ್ಳೆಯ ಕಣ್ಣಿನ ಹತ್ತಿರ ಹಿಡಿದ.
"ನೀರು ಕುಡಿದ ಜಾಲಿ, ಸ್ವಾಮಿ.
ಬರೀ ಹೊಗೆ. ಬೂದಿಗೂ ಬರಲ್ಲ."

ಜೀಪು ತಿರುಗಿತು.
ಧೂಳು ಇಳಿಯುವ ತನಕ ಇಬ್ಬರೂ ಕೂತೇ ಇದ್ದೆವು.

ಹೋದ ಭಾನುವಾರವಷ್ಟೇ ಅದೇ ಮರದ ತುಂಡಿನ ಮೇಲೆ
ಉಪ್ಪು ಖಾರ ಸವರಿ ಆರು ಜಿಲೇಬಿ ಸುಟ್ಟಿದ್ದೆವು.
ಎಂಥ ಕೆಂಡ! ಊದಬೇಕಾಗಿರಲಿಲ್ಲ,
ಮೀನು ಮುಗಿದ ಮೇಲೂ ಅಂಗೈ ಚಾಚಿಕೊಂಡು
ಕತ್ತಲಾಗುವವರೆಗೆ ಕಾಯಿಸಿಕೊಂಡಿದ್ದೆವು.

ನಾನು ಕೇಳಲಿಲ್ಲ.
ಅವನು ಡಬ್ಬಿಗೆ ಕೈಹಾಕಿ ದಪ್ಪನೆಯ ಹುಳ ಆರಿಸಿ
ಗಾಳಕ್ಕೆ ಚುಚ್ಚಿ ಕೋಲು ನನ್ನ ಕೈಗಿಟ್ಟ.

"ಗೂನು ಬೆನ್ನಿನ ಎಡಕ್ಕೆ ಹಾಕು.
ಬಲಕ್ಕೆ ಮಚ್ಚದೆ, ಹುಷಾರು."